ಒಂದು ಸಾಲದ ಫೈಲು ಬಿಚ್ಚಿ ತೋರಿಸಿ

ಕರ್ನಾಟಕದ ಬ್ಯಾಂಕ್ ಶಾಖೆಗಳ ಮ್ಯಾನೇಜರುಗಳಿಗೆ, ಅಧಿಕಾರಿಗಳಿಗೆ,

ನಿಮ್ಮ ಶಾಖೆಗೆ ಇಂದೋ ನಾಳೆಯೋ ಒಬ್ಬ ಅಪ್ರೆಂಟಿಸ್ ಬರುತ್ತಾರೆ. ಬಂದಾಗಿದ್ದರೆ, ಈ ಹೊತ್ತಿಗೆ ಪಾಸ್‌ಬುಕ್ ಪ್ರಿಂಟರಿನ ಪಕ್ಕದಲ್ಲಿ ನಿಂತಿರುತ್ತಾರೆ. ವಾರಕ್ಕೊಮ್ಮೆಯಾದರೂ ಅವರನ್ನು ಅಲ್ಲಿಂದ ಕರೆದು ನಿಮ್ಮ ಮೇಜಿನ ಪಕ್ಕ ಕೂರಿಸಿಕೊಳ್ಳಿ ಎಂದು ಕೇಳುವುದಕ್ಕೆ ಈ ಪತ್ರ. ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನ ಸರಕಾರಿ ಬ್ಯಾಂಕಿನಲ್ಲಿ ವರ್ಷದ ಅಪ್ರೆಂಟಿಸ್‌ಶಿಪ್ ಮುಗಿಸಿದವಳು. ಈಗ ಅದೇ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತೇನೆ. ನಾನಿದ್ದ ಶಾಖೆಯ ಹೆಸರು ಬರೆಯುವುದಿಲ್ಲ. ಬರೆದರೆ ಉಳಿದವರೆಲ್ಲ ‘ಅದು ಅವರ ಶಾಖೆಯ ಕತೆ’ ಎಂದು ಪುಟ ತಿರುವಿಬಿಡುತ್ತೀರಿ.

ನಮ್ಮಂಥವರಿಗೆ ಈ ದಾರಿ ತೆರೆದು ಬಹಳ ಕಾಲವಾಗಿಲ್ಲ. ಅಪ್ರೆಂಟಿಸ್ ಕಾಯ್ದೆ 1961ರದ್ದು, ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಕಲಿಯುವವರಿಗಾಗಿ ಬಂದದ್ದು. 1973ರ ತಿದ್ದುಪಡಿ ಎಂಜಿನಿಯರಿಂಗ್ ಓದಿದವರನ್ನು ಒಳಗೆ ಕರೆದುಕೊಂಡಿತು. ಬಿ.ಎ., ಬಿ.ಕಾಂ. ಮುಗಿಸಿದವರ ಸರದಿ ಬಂದದ್ದು 2014ರ ತಿದ್ದುಪಡಿಯ ನಂತರ. ಈಗ ಬ್ಯಾಂಕುಗಳು ಸಾವಿರಗಟ್ಟಲೆ ಕರೆಯುತ್ತಿವೆ. 2023ರಲ್ಲಿ ಸ್ಟೇಟ್ ಬ್ಯಾಂಕ್ 6,160 ಜನರಿಗೆ ಅರ್ಜಿ ಕರೆಯಿತು, 2024ರಲ್ಲಿ ಕೆನರಾ ಬ್ಯಾಂಕ್ 3,000 ಜನರಿಗೆ. ಕೆನರಾದ ಆ ಪ್ರಕಟಣೆಯಲ್ಲಿ ತಿಂಗಳ ಸ್ಟೈಪೆಂಡ್ 15,000 ರೂಪಾಯಿ, ಅದರಲ್ಲಿ 4,500 ಸರಕಾರದ ಪಾಲು.

ಕಾಯ್ದೆಯ ಸೆಕ್ಷನ್ 18 ಇನ್ನೊಂದು ಮಾತನ್ನೂ ಹೇಳುತ್ತದೆ: ಅಪ್ರೆಂಟಿಸ್ ಕಲಿಯುವವನು, ಕೆಲಸಗಾರನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ವರ್ಷ ಮುಗಿದ ಮೇಲೆ ನೌಕರಿ ಕೊಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಇದನ್ನೆಲ್ಲ ಓದಿಯೇ ನಾವು ಸಹಿ ಹಾಕಿದ್ದೇವೆ. ಖಾಯಂ ಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಆದರೆ ಪಿ.ಎಫ್., ಬೋನಸ್ಸು, ರಜೆಯ ವಿಷಯ ಬಂದಾಗ ‘ನೀವು ಕೆಲಸಗಾರರಲ್ಲಮ್ಮ, ಟ್ರೇನಿಗಳು’ ಎನ್ನುವ ಶಾಖೆಯೇ ಕೌಂಟರಿನಲ್ಲಿ ಜನ ತುಂಬಿದಾಗ ‘ಸ್ಟಾಫ್ ಇಲ್ಲ, ನೀವೇ ನೋಡಿಕೊಳ್ಳಿ’ ಎನ್ನುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಮೊದಲಿನದೇ ಇರಲಿ. ಕಲಿಯಲು ಬಂದವರು ಎಂದಮೇಲೆ ಕಲಿಸಿ.

ಕೌಂಟರಿನಲ್ಲಿ ಕಲಿಯುವುದು ಏನೂ ಇಲ್ಲ ಎಂದು ಹೇಳುವವಳು ನಾನಲ್ಲ. ಗೃಹಲಕ್ಷ್ಮಿ ಹಣ ಬರುವ ದಿನಗಳಲ್ಲಿ ನಮ್ಮ ಶಾಖೆಯ ಸಾಲು ಮೆಟ್ಟಿಲು ಇಳಿದು ರಸ್ತೆಗೆ ಬರುತ್ತಿತ್ತು. ‘ರೊಕ್ಕ ಬಂದೈತೇನ್ ನೋಡವ್ವಾ’ ಎಂದು ಪಾಸ್‌ಬುಕ್ ಮುಂದೆ ಹಿಡಿಯುತ್ತಿದ್ದರು. ‘ಬಂದಿಲ್ಲ’ ಅಂದರೆ ಅವರ ಪ್ರಶ್ನೆ ಮುಗಿಯುವುದಿಲ್ಲ. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಸರಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಎನ್‌ಪಿಸಿಐ ಪಟ್ಟಿಯಲ್ಲಿ ದಾಖಲಾಗಿರುವುದು ಬೇರೆ. ಆ ಪಟ್ಟಿಯಲ್ಲಿ ಒಬ್ಬರ ಆಧಾರ್ ಸಂಖ್ಯೆಗೆ ಒಂದೇ ಬ್ಯಾಂಕು, ಕೊನೆಯಲ್ಲಿ ಜೋಡಿಸಿದ್ದು. ಸ್ವಸಹಾಯ ಸಂಘದ ಸಲುವಾಗಿ ಇನ್ನೆಲ್ಲೋ ತೆರೆದು ಮರೆತ ಖಾತೆಗೆ ತಿಂಗಳುಗಟ್ಟಲೆ ಹಣ ಹೋಗುತ್ತಿದ್ದವರೂ ಇದ್ದರು. ಈ ಮರ್ಮವನ್ನು ನನಗೆ ಬಿಡಿಸಿ ಹೇಳಿದ್ದು ಯಾವ ಅಧಿಕಾರಿಯೂ ಅಲ್ಲ, ಶಾಖೆಯ ಅಟೆಂಡರ್ ಕಾಕಾ. ಹೆಬ್ಬೆಟ್ಟು ಒತ್ತುವವರ ಎದುರು ಸ್ಲಿಪ್ಪಿನಲ್ಲಿ ಬರೆದ ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳಬೇಕು ಎಂದು ಕಲಿಸಿದವರೂ ಅವರೇ.

ಒಮ್ಮೆ ಒಬ್ಬ ಹೆಣ್ಣುಮಗಳು ತೀರಿಹೋದ ಗಂಡನ ಪಾಸ್‌ಬುಕ್ ತಂದು, ‘ಇದನ್ನ ಬಂದ್ ಮಾಡಿ ಇದ್ದಷ್ಟು ಕೊಟ್ಟುಬಿಡ್ರಿ’ ಅಂದಳು. ಖಾತೆಯಲ್ಲಿ ಏಳುನೂರು ಚಿಲ್ಲರೆ ಇತ್ತು. ಎಂಟ್ರಿ ಹಾಕಿಸಿ ನೋಡಿದಾಗ ಮೇ ಕೊನೆಯಲ್ಲಿ 436 ರೂಪಾಯಿ ಕಟಾವಾದ ಸಾಲು ಕಣ್ಣಿಗೆ ಬಿತ್ತು. ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ಕಂತು. ವರ್ಷಕ್ಕೆ 436 ಕಟ್ಟಿದವರು ತೀರಿಕೊಂಡರೆ ನಾಮಿನಿಗೆ 2 ಲಕ್ಷ. ಅದು ಇದೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ. ಗಂಡ ಸಹಿ ಹಾಕುವಾಗ ಅವನಿಗೂ ಸರಿಯಾಗಿ ಹೇಳಿದ್ದರೋ ಇಲ್ಲವೋ. ಖಾತೆ ಮುಚ್ಚುವ ಅರ್ಜಿ ಪಕ್ಕಕ್ಕಿಟ್ಟು ಕ್ಲೇಮ್ ಫಾರ್ಮ್ ತುಂಬಿದೆವು, ಮರಣ ಪ್ರಮಾಣಪತ್ರದ ಜೆರಾಕ್ಸ್ ತರಿಸಿದೆವು, ಹಣವೂ ಬಂತು. ಆಮೇಲೆ ಯಾರೇ ತೀರಿಹೋದವರ ಪಾಸ್‌ಬುಕ್ ತಂದರೂ ನಾನು ಮೊದಲು ಹುಡುಕುತ್ತಿದ್ದುದು 436 ಮತ್ತು 20. ಇಪ್ಪತ್ತು ರೂಪಾಯಿಯದು ಅಪಘಾತ ವಿಮೆ. ಅದೇ ವಿಮೆಗಳಿಗೆ ಅಪ್ರೆಂಟಿಸ್‌ಗಳಾದ ನಮಗೂ ದಿನಕ್ಕಿಷ್ಟು ಎಂದು ಟಾರ್ಗೆಟ್ ಹಾಕಿದ್ದರು. ಟಾರ್ಗೆಟ್ ಕೊಟ್ಟವರು ಕ್ಲೇಮ್ ಮಾಡಿಸುವುದು ಹೇಗೆ ಎಂದು ಹೇಳಿಕೊಟ್ಟಿರಲಿಲ್ಲ.

ಇಷ್ಟು ಕೌಂಟರಿನ ಪಾಲು. ಜನರನ್ನು ಅರಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಬ್ಯಾಂಕು ಅರ್ಥವಾಗುವುದು ಅಲ್ಲಿ ಅಲ್ಲ.

ನಮ್ಮ ಸಂಘದ ಈಗಿನ ಕಾರ್ಯದರ್ಶಿ ನಿಮ್ಮಲ್ಲೇ ನಿವೃತ್ತರಾದವರು. ಗುಮಾಸ್ತರಾಗಿ ಸೇರಿದ ಕಾಲದ ಕತೆಯನ್ನು ಅವರು ಆಗಾಗ ಹೇಳುತ್ತಿರುತ್ತಾರೆ. ಒಂದು ವೋಚರು ಕೈಯಿಂದ ಕೈಗೆ ಹೋಗಿ, ಲೆಡ್ಜರಿನಲ್ಲಿ ಪೋಸ್ಟ್ ಆಗಿ, ಡೇ ಬುಕ್ಕಿಗೆ ಇಳಿದು, ಸಂಜೆ ಕ್ಯಾಶ್ ಜೊತೆ ತಾಳೆಯಾಗುವ ತನಕ ಅದನ್ನು ಕಣ್ಣಾರೆ ನೋಡಬೇಕಿತ್ತು. ಬಡ್ಡಿಯನ್ನು ಅವರೇ ಗುಣಿಸಬೇಕಿತ್ತು. ಬ್ಯಾಲೆನ್ಸಿಂಗ್ ಬಂತೆಂದರೆ ಒಂದು ರೂಪಾಯಿ ವ್ಯತ್ಯಾಸ ಹುಡುಕುತ್ತ ರಾತ್ರಿ ಕೂರುತ್ತಿದ್ದರಂತೆ. ಆ ಕಾಲದಲ್ಲಿ ಮ್ಯಾನೇಜರು ಕಲಿಸದಿದ್ದರೂ ಲೆಡ್ಜರು ಕಲಿಸುತ್ತಿತ್ತು. ನಿಮ್ಮಲ್ಲಿ ಐವತ್ತು ದಾಟಿದವರು ಬಹುಪಾಲು ಹಾಗೇ ಕಲಿತವರು. ಆದ್ದರಿಂದಲೇ ನಿಮಗೆ ಕಲಿಸುವುದು ಒಂದು ಬೇರೆ ಕೆಲಸ ಅನ್ನಿಸುವುದಿಲ್ಲ, ‘ನೋಡ್ತಾ ನೋಡ್ತಾ ಬರ್ತದೆ ಬಿಡು’ ಎನ್ನುತ್ತೀರಿ.

ಈಗ ನೋಡ್ತಾ ಇದ್ದರೆ ಬರುವುದಿಲ್ಲ, ಸಾರ್. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಶಾಖೆ ಗೋಡೆ ಗಡಿಯಾರದಂತಾಗಿದೆ: ಮುಳ್ಳು ಓಡುವುದು ಕಾಣುತ್ತದೆ, ಗಾಲಿ ಯಾವುದೂ ಕಾಣುವುದಿಲ್ಲ. ಬಡ್ಡಿ ರಾತ್ರಿ ತಾನಾಗಿ ಬೀಳುತ್ತದೆ. 90 ದಿನ ಕಂತು ಬಾರದ ಖಾತೆ ತಾನಾಗಿ ಎನ್‌ಪಿಎ ಪಟ್ಟಿಗೆ ಹೋಗುತ್ತದೆ, ಬೆಳೆ ಸಾಲವಾದರೆ ಅಲ್ಪಾವಧಿ ಬೆಳೆಗೆ ಎರಡು ಹಂಗಾಮಿನ ಲೆಕ್ಕ ಹಿಡಿಯುತ್ತದೆ. ಅಪ್ರೆಂಟಿಸ್‌ಗೆ ಸಿಸ್ಟಮ್ಮಿನಲ್ಲಿ ಯೂಸರ್ ಐಡಿಯೇ ಇರುವುದಿಲ್ಲ, ಇರಕೂಡದು ಕೂಡ. ಅಂದಮೇಲೆ ಆತ ನೋಡುವುದು ನಿಮ್ಮ ಬೆನ್ನು ಮತ್ತು ಸ್ಕ್ರೀನಿನ ಒಂದು ಮೂಲೆ. ಯಾಕೆ ಹೀಗೆ ಎಂದು ಬಾಯಿಬಿಟ್ಟು ಹೇಳದಿದ್ದರೆ ವರ್ಷವಿಡೀ ನಿಂತರೂ ಅವನಿಗೆ ಏನೂ ಹತ್ತುವುದಿಲ್ಲ. ಲೆಡ್ಜರು ಮಾಡುತ್ತಿದ್ದ ಮೇಷ್ಟ್ರ ಕೆಲಸ ಈಗ ನಿಮ್ಮ ತಲೆಯ ಮೇಲೆ ಬಂದಿದೆ.

ಯೂಸರ್ ಐಡಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಜನ ಹೆಚ್ಚಾದ ದಿನ ‘ನನ್ನ ಐಡಿಯಲ್ಲೇ ಹೊಡೆದುಬಿಡಮ್ಮ, ಪಾಸ್‌ವರ್ಡ್ ಇದು’ ಎಂದು ಹೇಳುವ ಅಧಿಕಾರಿಗಳಿದ್ದಾರೆ. ನಂಬಿಕೆಯಿಂದಲೇ ಹೇಳುತ್ತಾರೆ, ಸುಳ್ಳಲ್ಲ. ಒಬ್ಬರು ಎಂಟ್ರಿ ಹಾಕಿ ಇನ್ನೊಬ್ಬರು ಪಾಸ್ ಮಾಡುವ ಪದ್ಧತಿ, ಸ್ಟ್ರಾಂಗ್ ರೂಮಿನ ಎರಡು ಬೀಗದ ಕೈ ಇಬ್ಬರ ಹತ್ತಿರ ಇರುವ ಪದ್ಧತಿ, ಇವೆಲ್ಲ ಯಾರನ್ನೂ ಕಳ್ಳರೆಂದು ತಿಳಿದು ಮಾಡಿದ್ದಲ್ಲ, ಒಬ್ಬರ ಕೈಯಲ್ಲೇ ಎಲ್ಲ ಆಗಬಾರದು ಎಂದು ಮಾಡಿದ್ದು. ನಿಮ್ಮ ಐಡಿಯಲ್ಲಿ ಇಪ್ಪತ್ತೆರಡರ ಹುಡುಗಿ ಎಂಟ್ರಿ ಹಾಕಿ, ಏನಾದರೂ ಹೆಚ್ಚುಕಡಿಮೆಯಾದರೆ, ವಿಚಾರಣೆ ನಿಮ್ಮ ಮೇಲೆ. ಆಕೆ ಎಲ್ಲೂ ಇಲ್ಲ, ಏಕೆಂದರೆ ಕಾಗದದ ಮೇಲೆ ಆಕೆ ಕಲಿಯುವವಳು. ಇಲ್ಲವೆ, ಎಲ್ಲವನ್ನೂ ಆಕೆಯ ತಲೆಗೆ ಕಟ್ಟುತ್ತಾರೆ. ನನಗೆ ಯಾರಾದರೂ ಪಾಸ್‌ವರ್ಡ್ ಹೇಳಲು ಬಂದರೆ ‘ಬೇಡ ಮೇಡಂ, ನೀವೇ ಬನ್ನಿ, ನಾನು ಪಕ್ಕದಲ್ಲಿ ನಿಂತು ಓದಿ ಹೇಳುತ್ತೇನೆ’ ಎನ್ನುತ್ತಿದ್ದೆ. ಹಾಗೆ ಹೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಸ್ಟೈಪೆಂಡಿನ ಹಾಜರಾತಿಗೆ ಸಹಿ ಹಾಕುವವರು ನೀವೇ ಅಲ್ಲವೇ?

ನನಗೆ ಬ್ಯಾಂಕು ಅರ್ಥವಾಗಲು ಶುರುವಾದದ್ದು ಎರಡು ಕಡೆಯಿಂದ. ಮೊದಲನೆಯದು ಆಕಸ್ಮಿಕ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. 1928ರಲ್ಲೇ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ಶುರುಮಾಡಿ ಮನೆ ಬಾಗಿಲಿಗೆ ಹೋಗಿದ್ದು ಇದೇ ಸಿಂಡಿಕೇಟ್. ಈ ವಿಲೀನಗಳಾದ ಮೇಲೆ ನಮ್ಮ ಕಡೆಯ ಎಷ್ಟೋ ಶಾಖೆಗಳಲ್ಲಿ ಮ್ಯಾನೇಜರು ಬೇರೆ ರಾಜ್ಯದವರು. ಅಪ್ರೆಂಟಿಸ್ ಆಯ್ಕೆಯಲ್ಲಿ ಸ್ಥಳೀಯ ಭಾಷೆಯ ಪರೀಕ್ಷೆ ಇದೆ, ಶಾಲೆಯಲ್ಲಿ ಕನ್ನಡ ಓದಿದವರಿಗೆ ಅದರಿಂದ ವಿನಾಯಿತಿ. ಅಂತೂ ಶಾಖೆಯಲ್ಲಿ ಕನ್ನಡ ಚೆನ್ನಾಗಿ ಬಲ್ಲವರು ಅಟೆಂಡರ್ ಮತ್ತು ಅಪ್ರೆಂಟಿಸ್, ಹೀಗಾಗಿಬಿಟ್ಟಿದೆ. ಮೆಣಸಿನಕಾಯಿ ಬೆಳೆಗಾರರು ಬಂದಾಗಲೆಲ್ಲ ಮ್ಯಾನೇಜರು ನನ್ನನ್ನು ಕ್ಯಾಬಿನ್ನಿಗೆ ಕರೆಯುತ್ತಿದ್ದರು. ಅತ್ತ ರೈತರು ‘ರೇಟ್ ಬಿದ್ದೈತ್ರಿ, ಮಾಲು ಕೋಲ್ಡ್ ಸ್ಟೋರೇಜಿನ್ಯಾಗ ಐತಿ, ಇನ್ನೆರಡು ತಿಂಗಳು ತಡೀರಿ’ ಎನ್ನುವರು. ಇತ್ತ ಮ್ಯಾನೇಜರು ಮಾರ್ಚ್ 31ರ ಮಾತಾಡುವರು. ನಡುವೆ ನಿಂತು ಎರಡೂ ಕಡೆಗೆ ಹೇಳಬೇಕಾದರೆ ಇಬ್ಬರ ಲೆಕ್ಕವೂ ನನಗೆ ಅರ್ಥವಾಗಲೇಬೇಕಿತ್ತು. ಆಗ ಕೇಳತೊಡಗಿದೆ.

ಎರಡನೆಯದು ಒಬ್ಬ ಕೃಷಿ ಅಧಿಕಾರಿಯ ಪುಣ್ಯ. ಮಳೆಗಾಲದ ಒಂದು ಮಧ್ಯಾಹ್ನ, ಸರ್ವರ್ ಡೌನ್ ಆಗಿ ಎಲ್ಲರೂ ಕೈಕಟ್ಟಿ ಕೂತಿದ್ದಾಗ, ಅವರು ಒಂದು ಕಿಸಾನ್ ಕ್ರೆಡಿಟ್ ಕಾರ್ಡ್ ಫೈಲನ್ನು ನನ್ನ ಮುಂದಿಟ್ಟು ‘ಇದರಲ್ಲಿ ತಪ್ಪು ಹುಡುಕು’ ಅಂದರು. ಅರ್ಜಿ, ಪಹಣಿ, ಬೇರೆ ಬ್ಯಾಂಕುಗಳ ಬೇಬಾಕಿ ಪತ್ರ, ಲೆಕ್ಕದ ಹಾಳೆ. ನನಗೆ ಎಲ್ಲ ಸರಿಯಾಗಿಯೇ ಕಂಡಿತು. ಅವರು ಪಹಣಿಯ ಮೇಲೆ ಬೆರಳಿಟ್ಟರು. 9ನೇ ಕಾಲಂನಲ್ಲಿದ್ದ ಹೆಸರು ಅರ್ಜಿದಾರನದಲ್ಲ, ಅವನ ಅಜ್ಜನದು. ಅಜ್ಜ ತೀರಿ ವರ್ಷಗಳಾಗಿವೆ, ಪೌತಿ ಖಾತೆ ಆಗಿಲ್ಲ. 11ನೇ ಕಾಲಂನಲ್ಲಿ ಹಳೆಯ ಸೊಸೈಟಿಯ ಬೋಜಾ ಇನ್ನೂ ಕೂತಿದೆ, ಸಾಲ ತೀರಿದ್ದರೂ ಇಳಿಸಿಲ್ಲ. 12ರಲ್ಲಿ ಬೆಳೆ ಹತ್ತಿ. ‘ನಾಳೆ ಹೊಲಕ್ಕೆ ಹೋಗಿ ನೋಡೋಣ’ ಎಂದರು. ಹೋಗಿ ನೋಡಿದರೆ ಹೊಲದ ತುಂಬ ಗೋವಿನಜೋಳ.

‘ಅದರಿಂದೇನಾಯ್ತು ಸಾರ್?’ ಎಂದು ಕೇಳಿದೆ. ಗೋವಿನಜೋಳದ ಬದುವಿನ ಮೇಲೆ ನಿಂತೇ ಅವರು ಹೇಳಿದ್ದು ನನಗೆ ಇವತ್ತಿಗೂ ಅನ್ನ ಕೊಡುತ್ತಿದೆ. ಎಕರೆಗೆ ಯಾವ ಬೆಳೆಗೆ ಎಷ್ಟು ಎಂದು ಜಿಲ್ಲಾ ಸಮಿತಿ ನಿಗದಿ ಮಾಡಿರುತ್ತದೆ. ಅದನ್ನು ಎಕರೆಯಿಂದ ಗುಣಿಸಿ, ಮನೆಖರ್ಚಿಗೆಂದು ನೂರಕ್ಕೆ ಹತ್ತು, ಹೊಲದ ಉಪಕರಣಗಳ ರಿಪೇರಿಗೆಂದು ನೂರಕ್ಕೆ ಇಪ್ಪತ್ತು ಸೇರಿಸಿದರೆ ಮೊದಲ ವರ್ಷದ ಮಿತಿ. ಬೆಳೆ ಬದಲಾದರೆ ಮಿತಿಯೇ ಬದಲು. ಸಾಲದ ಜೊತೆ ಫಸಲ್ ಬಿಮಾ ಕಂತು ಹೋಗುತ್ತದೆ, ಮುಂಗಾರಿನ ಧಾನ್ಯಗಳಿಗೆ ನೂರಕ್ಕೆ ಎರಡು, ಹತ್ತಿಯಂಥ ವಾಣಿಜ್ಯ ಬೆಳೆಗೆ ಐದು. ಹತ್ತಿಗೆ ಕಂತು ಕಟ್ಟಿ ಗೋವಿನಜೋಳ ಬೆಳೆದವನಿಗೆ ಮಳೆ ಕೈಕೊಟ್ಟ ವರ್ಷ ಪರಿಹಾರ ಬರುವುದಿಲ್ಲ. ಆಗ ಕೊಟ್ಟ ಸಾಲವೂ ವಾಪಸ್ ಬರುವುದಿಲ್ಲ. ಕ್ಯಾಬಿನ್ನಿನಲ್ಲಿ ಕೂತು ‘ಈ ಕಡೆಯ ರೈತರು ಕಟ್ಟುವುದಿಲ್ಲ’ ಎಂದು ಷರಾ ಬರೆದರೆ ಅಲ್ಲಿಗೆ ಫೈಲು ಮುಗಿಯಿತು.

ವಾಪಸ್ ಬರುವಾಗ ಬೈಕಿನ ಮೇಲೆ ಇನ್ನೊಂದು ಪಾಠ. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ 7, ವರ್ಷದೊಳಗೆ ಕಟ್ಟಿದರೆ 3 ಮಾಫಿ, ಉಳಿದದ್ದು 4. ಆ ಮೂರನ್ನು ಉಳಿಸಿಕೊಳ್ಳಲು ರೈತ ಎರಡು ದಿನದ ಮಟ್ಟಿಗೆ ಊರಿನ ಸಾಹುಕಾರನ ಹತ್ತಿರ ಕೈಗಡ ತಂದು ಹಳೆಯ ಸಾಲ ಚುಕ್ತಾ ಮಾಡುತ್ತಾನೆ, ಮೂರನೆಯ ದಿನ ನಮ್ಮಲ್ಲಿ ಹೊಸದಾಗಿ ಎತ್ತಿ ಸಾಹುಕಾರನಿಗೆ ಕೊಡುತ್ತಾನೆ. ನಮ್ಮ ಸರ್ವರ್ ಒಂದು ದಿನ ನಿಂತರೆ ಸಾಹುಕಾರನ ಬಡ್ಡಿ ಒಂದು ದಿನ ಹೆಚ್ಚು. ಕೌಂಟರಿನಲ್ಲಿ ‘ಇವತ್ತೇ ಆಗಬೇಕ್ರಿ’ ಎಂದು ಕೂಗಾಡುವ ಮನುಷ್ಯ ಸುಮ್ಮನೆ ಜಗಳಗಂಟ ಎಂದು ಅಲ್ಲಿಯವರೆಗೂ ಅಂದುಕೊಂಡಿದ್ದೆ.

ಒಂದು ಫೈಲು, ಒಂದು ಹೊಲ, ಒಂದು ಬೈಕ್ ಪ್ರಯಾಣ. ಅದರಾಚೆ ನನಗೆ ಯಾರೂ ಸಾಲದ ವಿಷಯ ಕಲಿಸಲಿಲ್ಲ. ಆ ಅಧಿಕಾರಿಗೆ ವರ್ಗವಾಯಿತು, ಅವರ ಜಾಗ ಬಹಳ ದಿನ ಖಾಲಿ ಇತ್ತು. ಆದರೂ ಈಗಿನ ಕೆಲಸದ ಸಂದರ್ಶನದಲ್ಲಿ ಪಹಣಿ ಕೊಟ್ಟು ಓದಿಸಿದಾಗ ನಾನು ಮೊದಲು ನೋಡಿದ್ದು 9, 11, 12. ಸಂದರ್ಶನ ಮಾಡುತ್ತಿದ್ದವರ ಮುಖ ನೋಡಿದರೆ ಕೆಲಸ ನನಗೇ ಎಂದು ಗೊತ್ತಾಯಿತು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಊಟದ ಡಬ್ಬಿ ನಾಲ್ಕು ಗಂಟೆಗೆ ತೆರೆಯುವುದನ್ನು ನೋಡಿದ್ದೇನೆ. ಒಂದೇ ದಿನ ವಲಯ ಕಚೇರಿಯಿಂದ ಮೂರು ವಿಡಿಯೊ ಸಭೆ, ಸಂಜೆ ‘ಇವತ್ತು ಎಷ್ಟು ಖಾತೆ?’ ಎಂಬ ವಾಟ್ಸ್‌ಆ್ಯಪ್, ರಾತ್ರಿ ಎಂಟಕ್ಕೆ ಡೇ ಎಂಡ್. ಎಲ್ಲ ದರ್ಜೆಗಳಲ್ಲೂ ಸಾಕಷ್ಟು ನೇಮಕ ಮಾಡಿ ಎಂಬುದು ನಿಮ್ಮ ಸಂಘಟನೆಗಳ ಹಳೆಯ ಬೇಡಿಕೆ, 2025ರ ಮಾರ್ಚ್‌ನಲ್ಲಿ ಕರೆಕೊಟ್ಟು ಆಮೇಲೆ ಮುಂದೂಡಿದ ಮುಷ್ಕರದಲ್ಲೂ ಅದಿತ್ತು. ಖಾಲಿ ಹುದ್ದೆಯ ಮೇಲೆ ಅಪ್ರೆಂಟಿಸ್‌ಗಳನ್ನು ಕೂರಿಸುತ್ತಾರೆ ಎಂಬ ನಿಮ್ಮ ದೂರು ನ್ಯಾಯವೇ, ನಾನೂ ಅದಕ್ಕೆ ಸಹಿ ಹಾಕುತ್ತೇನೆ. ಆದರೆ ಆ ದೂರಿನ ಸಿಟ್ಟನ್ನು ಕೂತ ಹುಡುಗನ ಮೇಲೆ ತೋರಿಸಬೇಡಿ. ‘ನೀವು ಬಂದಿದ್ದರಿಂದಲೇ ನಮಗೆ ಕ್ಲರ್ಕ್ ಕೊಡಲಿಲ್ಲ’ ಎಂದು ಚಹಾದ ಹೊತ್ತಿನಲ್ಲಿ ನಗುತ್ತಲೇ ಹೇಳಿದರೂ ಅದು ಚುಚ್ಚುತ್ತದೆ.

ಕಾಯ್ದೆ ನಿಮ್ಮಿಂದ ಬಹಳ ಕೇಳುವುದಿಲ್ಲ. ಅಪ್ರೆಂಟಿಸ್‌ನ ಪ್ರಗತಿಯ ದಾಖಲೆ ಇಡಬೇಕು, ಅದು ಸೆಕ್ಷನ್ 19. ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಯ ಒಪ್ಪಿಗೆ ಇಲ್ಲದೆ ಹೆಚ್ಚುವರಿ ಹೊತ್ತು ದುಡಿಸುವಂತಿಲ್ಲ, ಅದು ಸೆಕ್ಷನ್ 15. ಒಪ್ಪಂದದಲ್ಲಿ ತಕರಾರು ಬಂದರೆ ಆ ಅಧಿಕಾರಿಯ ಹತ್ತಿರವೇ ಹೋಗಬಹುದು, ಸೆಕ್ಷನ್ 20. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಯಾವ ಅಪ್ರೆಂಟಿಸ್ಸೂ ತನ್ನ ಮ್ಯಾನೇಜರ ಮೇಲೆ ದೂರು ಕೊಡಲು ಹೋಗುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಪ್ರತಿ ತಿಂಗಳ ಪ್ರಗತಿ ಕಾಲಂನಲ್ಲಿ ‘ಸಾಲ ವಿಭಾಗ: ತೃಪ್ತಿಕರ’ ಎಂದು ತುಂಬುವಾಗ ಆ ತಿಂಗಳು ಸಾಲದ ಟೇಬಲ್ಲಿನ ಬಳಿ ಅವರನ್ನು ಒಮ್ಮೆಯಾದರೂ ಕರೆದಿದ್ದೆವೇ ಎಂದು ನೆನಪಿಸಿಕೊಳ್ಳಿ, ಸಾಕು.

ಗ್ರಾಹಕರ ಗುಟ್ಟಿನ ಮಾತು ಅಡ್ಡ ಬರುತ್ತದೆ ಎಂದು ಕೆಲವರು ಹೇಳಿದ್ದಾರೆ. ಸರಿಯಾದ ಮಾತೇ. ಅದಕ್ಕೆ ಚಾಲ್ತಿ ಫೈಲು ಬೇಡ, ಚುಕ್ತಾ ಆಗಿ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಹಳೆಯ ಫೈಲು ಕೊಡಿ. ಹೆಸರು, ಖಾತೆ ಸಂಖ್ಯೆ ಮುಚ್ಚಿಟ್ಟು ಜೆರಾಕ್ಸ್ ಮಾಡಿದರೆ ಇನ್ನೂ ಒಳ್ಳೆಯದು. ಚೆನ್ನಾಗಿ ತೀರಿದ ಒಂದು, ಕೆಟ್ಟುಹೋದ ಒಂದು, ಎರಡೂ ಇರಲಿ. ಬಂಗಾರದ ಸಾಲದ ದಿನ ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕಿ ನೋಡುವಾಗ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಪ್ಯಾಕೆಟ್ಟಿಗೆ ಸೀಲು ಬಿದ್ದು ಸ್ಟ್ರಾಂಗ್ ರೂಮಿಗೆ ಹೋಗುವ ತನಕ ಯಾರ ಯಾರ ಸಹಿ ಬೀಳುತ್ತದೆ, ಯಾಕೆ ಬೀಳುತ್ತದೆ ಎಂದು ಹೇಳಿ. ಹೊಲ ನೋಡಲು ಹೋಗುವ ದಿನ ಜೀಪಿನಲ್ಲಿ ಜಾಗ ಇದ್ದರೆ ಕರೆದುಕೊಂಡು ಹೋಗಿ. ಹೆಣ್ಣುಮಕ್ಕಳಾದರೆ ‘ನಿನಗೆ ಯಾಕಮ್ಮ ಆ ಬಿಸಿಲು’ ಎಂದು ನೀವೇ ತೀರ್ಮಾನಿಸಬೇಡಿ, ಕೇಳಿ ನೋಡಿ.

ಮಾರ್ಚ್ ಮುಗಿಯುವ ತನಕ ನಿಮಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ, ಆದ್ದರಿಂದ ಏಪ್ರಿಲ್‌ನಲ್ಲಿ ಶುರುಮಾಡಿದರೂ ಆದೀತು. ಆ ಹೊತ್ತಿಗೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಂಗಾಮೂ ಇಳಿಮುಖವಾಗಿರುತ್ತದೆ, ಸಾಲದ ಟೇಬಲ್ಲಿನ ಮುಂದೆ ಒಂದು ಕುರ್ಚಿ ಖಾಲಿ ಸಿಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಮಾಜಿ ಅಪ್ರೆಂಟಿಸ್